ಬಳ್ಳಾರಿ ರಾಘವ: ಮಾತಿನ ಮೋಡಿಯ ಒಳಹೊರಗು ಬಲ್ಲವರು

ನಮ್ಮ ಗಾದಿಗನೂರು ಸ್ಟೇಷನ್ನಿನಲ್ಲಿ ಬಳ್ಳಾರಿ ಕಡೆಯ ಗಾಡಿ ಹತ್ತಿದರೆ ತೋರಣಗಲ್ಲು, ದರೋಜಿ, ಕುಡತಿನಿ ದಾಟಿ ಬಳ್ಳಾರಿ ತಲುಪುತ್ತೇವೆ. ಕೋರ್ಟಿನ ಕೆಲಸಕ್ಕೋ ಆಸ್ಪತ್ರೆಗೋ ಕಾಲೇಜಿಗೋ ಆ ಊರಿಗೆ ಹೋಗದವರು ನಮ್ಮಲ್ಲಿ ಕಡಿಮೆ. ಅಲ್ಲಿ ರಾಘವ ಕಲಾಮಂದಿರ ಎಂಬ ರಂಗಮಂದಿರವಿದೆ. ನಾಟಕ, ಸಂಗೀತ, ಸನ್ಮಾನ ಎಂದು ಅಲ್ಲಿ ಕಾರ್ಯಕ್ರಮ ನಡೆಯುತ್ತಿರುತ್ತದೆ. ಆದರೆ ಈ ರಾಘವ ಯಾರು ಎಂದು ಈಗಿನ ಮಕ್ಕಳನ್ನು ಕೇಳಿದರೆ ಬಹುಮಂದಿ ರಾಘವೇಂದ್ರ ಸ್ವಾಮಿಗಳೆಂದೇ ಹೇಳುತ್ತಾರೆ. ಅದು ಅವರ ತಪ್ಪಲ್ಲ, ಹೇಳಿಕೊಡದ ನಮ್ಮ ತಪ್ಪು. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಮಹನೀಯರ ಬದುಕನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದು ನನ್ನ ಆಸೆ. ಅದರ ಜೊತೆಗೆ, ಒಬ್ಬರು ಮಾತಿನಿಂದ ನಮ್ಮನ್ನು ಹೇಗೆ ಒಲಿಸಿಕೊಳ್ಳುತ್ತಾರೆ, ಆಗ ನಾವು ಹೇಗೆ ಎಚ್ಚರವಾಗಿರಬೇಕು ಎಂಬುದನ್ನೂ ಅವರ ಬದುಕಿನ ನೆಪದಲ್ಲಿ ಹೇಳುತ್ತೇನೆ. ಅವರು ಹಗಲು ಕೋರ್ಟಿನಲ್ಲಿ, ರಾತ್ರಿ ರಂಗದ ಮೇಲೆ ಮಾತಿನಿಂದಲೇ ಬಾಳಿದವರು. ಈ ಪಾಠಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ನಮ್ಮ ಸೀಮೆಯಲ್ಲಿ ನನಗೆ ಕಂಡಿಲ್ಲ.

ರಾಘವರ ಪೂರ್ಣ ಹೆಸರು ತಾಡಪತ್ರಿ ರಾಘವಾಚಾರ್ಯ. ಹುಟ್ಟಿದ್ದು 1880ರ ಆಗಸ್ಟ್ 2ರಂದು, ಅನಂತಪುರ ಜಿಲ್ಲೆಯ ತಾಡಪತ್ರಿಯಲ್ಲಿ. ಬೆಳೆದದ್ದು, ಬದುಕಿದ್ದು, ಹೆಸರು ಗಳಿಸಿದ್ದು ಬಳ್ಳಾರಿಯಲ್ಲಿ. ಹೀಗಾಗಿ ಹುಟ್ಟೂರಿನ ಹೆಸರು ಹಿಂದೆ ಸರಿದು ಬಳ್ಳಾರಿ ರಾಘವ ಎಂದೇ ಜನ ಕರೆದರು. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ರಾಘವರ ಕಾಲದ ಬಳ್ಳಾರಿಯಲ್ಲಿ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತಿದ್ದವು, ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತಿತ್ತು. ಯಾವ ಜನರ ಮುಂದೆ ಯಾವ ಮಾತು ಆಡಬೇಕು ಎಂಬ ಮೊದಲ ಪಾಠವನ್ನು ಆ ಊರೇ ಕಲಿಸುವಂತಿತ್ತು.

ಮನೆಯ ವಾತಾವರಣವೂ ಹಾಗೆಯೇ ಇತ್ತು. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಾಚಾರ್ಯರು ಬಳ್ಳಾರಿಯಲ್ಲಿ ವಕೀಲರು. ತೆಲುಗು ನಾಟಕದ ಪಿತಾಮಹರೆಂದು ಹೆಸರಾದವರು, ಸರಸ ವಿನೋದಿನೀ ಸಭೆ ಎಂಬ ನಾಟಕ ಸಂಘವನ್ನು ಕಟ್ಟಿದವರು. ಅದೇ ಊರಿನಲ್ಲಿ ಇನ್ನೊಬ್ಬ ವಕೀಲರಾದ ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭೆಯ ಮೂಲಕ ಐತಿಹಾಸಿಕ ನಾಟಕಗಳನ್ನು ಬರೆದು ಆಡಿಸುತ್ತಿದ್ದರು. ಇಬ್ಬರು ವಕೀಲರು, ಎರಡು ನಾಟಕ ಸಭೆಗಳು. ಇದು ಬರಿಯ ಕಾಕತಾಳೀಯವಲ್ಲ ಎಂದು ನನಗೆ ತೋರುತ್ತದೆ. ವಕೀಲನಿಗೂ ನಟನಿಗೂ ಇರುವುದು ಒಂದೇ ಬಂಡವಾಳ, ಅದು ಮಾತು. ಇಬ್ಬರ ಎದುರಿಗೂ ಕೇಳುವವರು ಕೂತಿರುತ್ತಾರೆ. ಇಬ್ಬರೂ ಅವರ ಮನಸ್ಸನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸಬೇಕು.

ರಾಘವರು ಬಳ್ಳಾರಿಯಲ್ಲಿ ಓದಿ, ಮದ್ರಾಸಿಗೆ ಹೋಗಿ ಪದವಿ ಮುಗಿಸಿ, 1905ರಲ್ಲಿ ಅಲ್ಲಿಯ ಕಾನೂನು ಕಾಲೇಜಿನಿಂದ ಹೊರಬಂದರು. ಬಳ್ಳಾರಿಗೆ ಮರಳಿ ವಕೀಲಿ ಹಿಡಿದರು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಒಳ್ಳೆಯ ಹೆಸರು ಬಂತು, ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿಯೂ ಕೆಲಸ ಮಾಡಿದರು. ನಾಟಕದ ಹುಚ್ಚು ಮಾತ್ರ ಬಿಡಲಿಲ್ಲ. ಶೇಕ್ಸ್‌ಪಿಯರನ ನಾಟಕಗಳನ್ನು ಆಡಲು ಗೆಳೆಯರೊಡನೆ ಒಂದು ಕೂಟ ಕಟ್ಟಿದರು. ಬೆಂಗಳೂರಿನ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಜೊತೆ ಸೇರಿ ಆಡಿದರು. ತೆಲುಗು, ಕನ್ನಡ, ಇಂಗ್ಲಿಷ್, ಹಿಂದಿ ನಾಟಕಗಳಲ್ಲಿ ಪಾತ್ರ ಮಾಡಿದರು. ನಾಟಕದಿಂದ ಬಂದ ದುಡ್ಡನ್ನು ನೆಚ್ಚಿ ಬದುಕಿದವರಲ್ಲ, ಅನ್ನ ಕೊಟ್ಟದ್ದು ವಕೀಲಿ.

ಆಗಿನ ನಾಟಕ ಹೇಗಿತ್ತೆಂದು ನಮ್ಮ ಹಿರಿಯರಿಗೆ ಹೇಳಬೇಕಾಗಿಲ್ಲ. ನಮ್ಮ ಕಡೆಯ ಬಯಲಾಟವನ್ನು ಬೆಳಗಿನವರೆಗೆ ಕೂತು ನೋಡಿದವರು ಅವರು. ರಂಗದ ಮೇಲೆ ಬಂದ ದುರ್ಯೋಧನ ಕಾಲು ಅಪ್ಪಳಿಸಿ ಆರ್ಭಟಿಸಿದರೆ ಊರಾಚೆಯ ಹೊಲಕ್ಕೂ ಕೇಳಬೇಕು. ಬಯಲಿನಲ್ಲಿ, ಮೈಕಿಲ್ಲದ ಕಾಲದಲ್ಲಿ ಅದು ಬೇಕಾಗಿಯೂ ಇತ್ತು. ಪಟ್ಟಣದ ನಾಟಕಗಳಲ್ಲಾದರೆ ಪದ್ಯ ಹಾಡುವವನದೇ ರಾಜ್ಯ. ಮಗ ಸತ್ತು ಬಿದ್ದಿದ್ದರೂ ಪಾತ್ರಧಾರಿ ರಾಗವನ್ನು ಎಳೆದೆಳೆದು ಹಾಡುತ್ತಿದ್ದ, ಜನ ಒನ್ಸ್ ಮೋರ್ ಎಂದರೆ ಸತ್ತ ಮಗನ ಮುಂದೆ ಇನ್ನೊಮ್ಮೆ ಹಾಡುತ್ತಿದ್ದ. ರಾಘವರು ಈ ದಾರಿ ಬಿಟ್ಟರು. ಮನುಷ್ಯರು ದುಃಖದಲ್ಲಿ ಹೇಗಿರುತ್ತಾರೋ, ಸಿಟ್ಟಿನಲ್ಲಿ ಹೇಗೆ ನಿಲ್ಲುತ್ತಾರೋ ಹಾಗೆಯೇ ಅಭಿನಯಿಸಬೇಕೆಂದು ಹೊರಟರು. ಹಾಡು ಕಡಿಮೆಯಾಯಿತು, ಮಾತು ಸಹಜವಾಯಿತು. ಕಣ್ಣು, ಮುಖ, ಮೌನ ಕೆಲಸ ಮಾಡತೊಡಗಿದವು.

ಇಲ್ಲಿ ನಮ್ಮ ಮೊದಲ ಪಾಠವಿದೆ. ಗಟ್ಟಿಯಾಗಿ ಮಾತನಾಡುವವನೇ ನಮ್ಮನ್ನು ಮರುಳು ಮಾಡುತ್ತಾನೆ ಎಂದು ನಾವು ತಿಳಿದಿರುತ್ತೇವೆ. ಶಾಲೆಯ ದಿನಗಳಲ್ಲಿ ಚರ್ಚಾ ಸ್ಪರ್ಧೆಯಾದಾಗ ಮೇಜು ಕುಟ್ಟಿ ಮಾತನಾಡಿದವನಿಗೇ ನಾವು ಚಪ್ಪಾಳೆ ಹೊಡೆಯುತ್ತಿದ್ದೆವು. ನಿಜವಾಗಿ, ಮೆಲ್ಲಗೆ ಮಾತನಾಡಿ ನಡುವೆ ಒಂದು ಗಳಿಗೆ ಸುಮ್ಮನಾಗುವವನ ಬಲ ಅದಕ್ಕಿಂತ ದೊಡ್ಡದು. ಕೂಗಾಟಕ್ಕೆ ಕಿವಿ ಮುಚ್ಚಿಕೊಳ್ಳಬಹುದು. ಸಹಜವಾಗಿ ಕಾಣುವ ಮಾತಿಗೆ ನಾವಾಗಿಯೇ ಬಾಗಿಲು ತೆರೆಯುತ್ತೇವೆ. ಆದ್ದರಿಂದ ದನಿಯನ್ನು ನೋಡಿ ಮಾತನ್ನು ಅಳೆಯಬಾರದು.

ಮಾತು ನಮ್ಮ ಮನಸ್ಸನ್ನು ಹೊಕ್ಕುವ ಬಾಗಿಲುಗಳು ಮೂರು ಎಂದು ಗ್ರೀಸ್ ದೇಶದ ಅರಿಸ್ಟಾಟಲ್ ಎಂಬ ಪಂಡಿತ 2300 ವರ್ಷಗಳಿಗೂ ಹಿಂದೆ ವಿಂಗಡಿಸಿದ. ಮಾತನಾಡುವವನ ಮೇಲಿನ ನಂಬಿಕೆ ಮೊದಲನೆಯದು. ಕೇಳುವವರ ಭಾವನೆ ಎರಡನೆಯದು, ಅಂದರೆ ಕರುಣೆ, ಭಯ, ಸಿಟ್ಟು, ಅಭಿಮಾನ. ವಿಚಾರ ಮೂರನೆಯದು, ಅಂದರೆ ಕಾರಣ ಮತ್ತು ಆಧಾರ. ನಮ್ಮ ದೇಶದ ನ್ಯಾಯಶಾಸ್ತ್ರದವರು ಇದನ್ನೇ ಇನ್ನೊಂದು ಬಗೆಯಲ್ಲಿ ನೋಡಿದರು. ನಿಜ ತಿಳಿಯಲು ಮಾತನಾಡುವುದು ವಾದ, ಗೆಲ್ಲಲಿಕ್ಕೆಂದೇ ಮಾತನಾಡುವುದು ಜಲ್ಪ, ತನ್ನದೇನೂ ಹೇಳದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ. ವಿತಂಡವಾದ ಎಂದು ನಾವು ಬೈಯುವುದು ಇದನ್ನೇ. ಈ ಮೂರು ಬಾಗಿಲುಗಳೂ ತಮ್ಮಷ್ಟಕ್ಕೆ ಕೆಟ್ಟವಲ್ಲ. ತಾಯಿ ಮಗುವನ್ನು ಶಾಲೆಗೆ ಕಳಿಸುವಾಗಲೂ ಈ ಮೂರನ್ನೇ ಬಳಸುತ್ತಾಳೆ. ಯಾವ ಬಾಗಿಲಿನಿಂದ ಯಾರು ಒಳಗೆ ಬರುತ್ತಿದ್ದಾರೆ ಎಂಬುದು ನಮಗೆ ಗೊತ್ತಿರಬೇಕು, ಅಷ್ಟೇ.

ರಾಘವರ ಹೆಸರಾಂತ ಪಾತ್ರಗಳಲ್ಲಿ ಹರಿಶ್ಚಂದ್ರ ಒಂದು. ಈ ಕಥೆಯನ್ನು ಕನ್ನಡದಲ್ಲಿ ಕಾವ್ಯವಾಗಿಸಿದ ರಾಘವಾಂಕ ನಮ್ಮ ಪಕ್ಕದ ಹಂಪೆಯವನೇ. ಹೀಗಾಗಿ ಈ ಕಥೆ ನಮಗೆ ದೂರದ್ದಲ್ಲ. ಮಸಣದಲ್ಲಿ ಚಂದ್ರಮತಿ ಸತ್ತ ಮಗನನ್ನು ಮುಂದಿಟ್ಟುಕೊಂಡು ಅಳುತ್ತಾಳೆ. ಕಾವಲಿಗೆ ನಿಂತ ಹರಿಶ್ಚಂದ್ರ ಹೆಣ ಸುಡುವ ಸುಂಕ ಕೇಳಬೇಕು. ಅಳುವವಳು ಹೆಂಡತಿ, ಸತ್ತವನು ಮಗ. ಕರುಣೆಯ ಬಾಗಿಲು ಇದಕ್ಕಿಂತ ಅಗಲವಾಗಿ ತೆರೆಯಲು ಸಾಧ್ಯವಿಲ್ಲ. ಆದರೂ ಅವನು ಒಡೆಯನಿಗೆ ಕೊಟ್ಟ ಮಾತನ್ನು ಬಿಡುವುದಿಲ್ಲ. ನೋಡುವವರು ಅಳುತ್ತಾರೆ, ಅಳುತ್ತಲೇ ಅವನು ಬಿಟ್ಟುಕೊಡದಿರಲಿ ಎಂದೂ ಬಯಸುತ್ತಾರೆ. ಭಾವನೆ ಎದೆ ತುಂಬಿದ್ದರೂ ತೀರ್ಮಾನವನ್ನು ಅದರ ಕೈಗೆ ಕೊಡಬೇಕಾಗಿಲ್ಲ ಎಂಬುದನ್ನು ಈ ಒಂದು ದೃಶ್ಯ ಕಲಿಸುತ್ತದೆ. ಕಣ್ಣೀರು ಬರಲಿ, ಅದು ಮನುಷ್ಯನ ಲಕ್ಷಣ. ಹೆಬ್ಬೆಟ್ಟು ಒತ್ತುವ ಮುಂಚೆ ಮಾತ್ರ ಕಣ್ಣೊರೆಸಿಕೊಂಡು ಕಾಗದ ಓದಬೇಕು.

ಇನ್ನೊಂದು ಪಾತ್ರ ಶೇಕ್ಸ್‌ಪಿಯರನ ವೆನಿಸ್ ವರ್ತಕ ನಾಟಕದ ಶೈಲಾಕ್. ವಕೀಲರೊಬ್ಬರು ಈ ಪಾತ್ರ ಮಾಡಿದರೆಂಬುದೇ ಸೊಗಸು, ಏಕೆಂದರೆ ನಾಟಕದ ಜೀವವಿರುವುದು ಕೋರ್ಟಿನ ದೃಶ್ಯದಲ್ಲಿ. ಬಡ್ಡಿ ವ್ಯಾಪಾರಿ ಶೈಲಾಕ್, ಸಾಲ ತೀರದಿದ್ದರೆ ಒಂದು ಪೌಂಡ್ ಮಾಂಸ ಎಂದು ಪತ್ರ ಬರೆಸಿಕೊಂಡಿರುತ್ತಾನೆ. ಅದಕ್ಕೂ ಮುಂಚೆ ಒಂದು ಕಡೆ ಅವನು ತನ್ನ ಸಂಕಟ ಹೇಳಿಕೊಳ್ಳುತ್ತಾನೆ. ತನ್ನ ಜನರೂ ಎಲ್ಲರಂತೆ ಮನುಷ್ಯರೇ, ಗಾಯವಾದರೆ ರಕ್ತ ಬರುತ್ತದೆ, ನೋವು ಎಲ್ಲರಿಗೂ ಒಂದೇ ಎನ್ನುವುದು ಅವನ ವಾದ. ಅದು ನಿಜ, ನ್ಯಾಯವಾದದ್ದೇ. ನಾವು ತಲೆಯಾಡಿಸುತ್ತೇವೆ. ಹಾಗೆ ತಲೆಯಾಡಿಸುತ್ತಿರುವಾಗಲೇ ಅವನು ಕೊನೆಯ ಹೆಜ್ಜೆ ಇಡುತ್ತಾನೆ: ಆದ್ದರಿಂದ ಸೇಡು ತೀರಿಸಿಕೊಳ್ಳುವುದೂ ನಮ್ಮ ಹಕ್ಕು. ಮೊದಲಿನ ನಾಲ್ಕು ಮಾತಿಗೆ ಹೌದು ಎಂದವನು ಐದನೆಯದಕ್ಕೂ ಹೌದು ಎಂದುಬಿಡುತ್ತಾನೆ. ಇದು ಬಹಳ ಹಳೆಯ ತಂತ್ರ. ನಿಜವಾದ ನೋವನ್ನು ಮುಂದಿಟ್ಟು ಅದರ ಹಿಂದೆ ಬೇರೊಂದನ್ನು ಸಾಗಿಸುವುದು. ನಮ್ಮ ಊರಿಗೆ ನೀರಿಲ್ಲ, ಬೆಳೆಗೆ ಬೆಲೆಯಿಲ್ಲ, ಹುಡುಗರಿಗೆ ಕೆಲಸವಿಲ್ಲ ಎಂದು ಯಾರಾದರೂ ಹೇಳಿದರೆ ಅದೆಲ್ಲ ನಿಜವೇ ಇರಬಹುದು. ಆದ್ದರಿಂದ ಇಂಥವರನ್ನು ಹೊಡೆಯಿರಿ, ಆದ್ದರಿಂದ ಇಂಥ ಸ್ಕೀಮಿಗೆ ದುಡ್ಡು ಕಟ್ಟಿ ಎಂದಾಗ, ಆ ಆದ್ದರಿಂದ ಎಂಬ ಪದದ ಹತ್ತಿರ ನಾವು ನಿಲ್ಲಬೇಕು. ಸೇತುವೆ ಗಟ್ಟಿ ಇದೆಯೋ ಇಲ್ಲವೋ ನೋಡಿ ದಾಟಬೇಕು.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಪಾತ್ರವೊಂದಿದೆ. ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರ ಸಾಮ್ರಾಜ್ಯದ ಪತನವನ್ನು ನಾಟಕ ಮಾಡಿದ್ದರು. 1565ರ ಯುದ್ಧದಲ್ಲಿ ರಾಮರಾಯ ಬಿದ್ದದ್ದು, ಹಂಪೆ ಹಾಳಾದದ್ದು ನಮಗೆ ಪುಸ್ತಕದ ಸಂಗತಿಯಲ್ಲ, ಹಬ್ಬಹುಣ್ಣಿಮೆಗೆ ಹೋದಾಗಲೆಲ್ಲ ಕಣ್ಣಿಗೆ ಬೀಳುವ ಕಲ್ಲುಗಳು. ಆ ನಾಟಕದಲ್ಲಿ ರಾಘವರು ಮಾಡಿದ್ದು ಪಠಾಣ ರುಸ್ತುಮನ ಪಾತ್ರ. ವೈಷ್ಣವ ಆಚಾರ್ಯರ ಮನೆಯ ಮಗ ಪಠಾಣನಾಗಿ ನಿಂತು ಜನರನ್ನು ನಂಬಿಸಿದರು, ಆ ಪಾತ್ರದಿಂದಲೇ ಹೆಸರಾದರು. ಮುಂದೆ ಬ್ರಿಟಿಷ್ ಸರ್ಕಾರ ಆ ನಾಟಕವನ್ನು ನಿಷೇಧಿಸಿತು. ಹಂಪೆ ಹೇಗೆ ಹಾಳಾಯಿತು ಎಂಬ ಕಥೆಯನ್ನು ನಾಲ್ಕು ಜನ ನಾಲ್ಕು ರೀತಿ ಹೇಳಬಹುದು. ಒಬ್ಬನಿಗೆ ಅದು ರಾಜರ ಅಹಂಕಾರದ ಕಥೆ, ಇನ್ನೊಬ್ಬನಿಗೆ ದ್ರೋಹದ ಕಥೆ, ಮತ್ತೊಬ್ಬನಿಗೆ ಎರಡು ಧರ್ಮಗಳ ಜಗಳ, ಮಗದೊಬ್ಬನಿಗೆ ರಾಜ್ಯ ರಾಜ್ಯಗಳ ಲೆಕ್ಕಾಚಾರ. ಕಲ್ಲು ಅವೇ. ಯಾವ ಕಲ್ಲನ್ನು ತೋರಿಸಿ ಯಾವುದನ್ನು ಮರೆಮಾಡುತ್ತಾನೆ ಎಂಬುದರ ಮೇಲೆ ಕೇಳುವವರ ಸಿಟ್ಟು ಯಾರ ಕಡೆ ತಿರುಗುತ್ತದೆ ಎಂಬುದು ನಿಂತಿದೆ. ಹಂಪೆಯ ಮಗ್ಗುಲಲ್ಲಿ ಬದುಕುವ ನಾವು, ಎಲ್ಲ ಜಾತಿ ಮತದವರೂ ಒಂದೇ ಬಾವಿಯ ನೀರು ಕುಡಿದು ಬೆಳೆದ ನಾವು, ಇದನ್ನು ಬೇರೆಯವರಿಗಿಂತ ಚೆನ್ನಾಗಿ ಅರಿತಿರಬೇಕು. ಹಳೆಯ ಗಾಯವನ್ನು ಯಾರಾದರೂ ಕೆರೆಯುತ್ತಿದ್ದರೆ, ವಾಸಿ ಮಾಡಲು ಬಂದವರೋ ಕೀವು ಮಾಡಲು ಬಂದವರೋ ಎಂದು ಕೇಳಬೇಕು.

ರಾಘವರು ಮಾತಿನ ಬಲವನ್ನು ಒಳ್ಳೆಯದಕ್ಕೆ ಹೂಡಿದ್ದಕ್ಕೂ ಸಾಕ್ಷಿಯಿದೆ. ಗಂಡಸರೇ ಸೀರೆ ಉಟ್ಟು ದ್ರೌಪದಿಯಾಗುತ್ತಿದ್ದ ಕಾಲ ಅದು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ರಂಗ ಹತ್ತಿದರೆ ಊರೇ ಆಡಿಕೊಳ್ಳುತ್ತಿತ್ತು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಅವರು ಹಟ ಹಿಡಿದರು. ಕೊಮ್ಮೂರಿ ಪದ್ಮಾವತಿದೇವಿಯಂಥ ಓದಿದ ಹೆಣ್ಣುಮಕ್ಕಳು ಅವರೊಡನೆ ಅಭಿನಯಿಸಿದರು. ಇಲ್ಲಿ ಕೆಲಸ ಮಾಡಿದ್ದು ಮೊದಲ ಬಾಗಿಲು, ನಂಬಿಕೆ. ಊರು ಗೌರವಿಸುವ ವಕೀಲ, ನಡತೆ ಕಂಡ ಮನುಷ್ಯ ಕೇಳಿದ್ದಕ್ಕೆ ಮನೆಯವರು ಒಪ್ಪಿದರೆಂದು ಊಹಿಸಬಹುದು. ಇಂಥ ನಂಬಿಕೆ ಒಂದು ದಿನದಲ್ಲಿ ಬರುವುದಿಲ್ಲ, ವರ್ಷಗಟ್ಟಲೆ ಕೂಡಿಟ್ಟದ್ದು. ಆದರೆ ಇದೇ ನಂಬಿಕೆಯನ್ನು ಕೆಲವರು ಬಾಡಿಗೆಗೆ ತರುತ್ತಾರೆ. ನಾನೂ ರೈತನ ಮಗ ಎಂದು ಹೆಗಲ ಮೇಲೆ ಹಸಿರು ಟವೆಲ್ ಹಾಕಿಕೊಳ್ಳುತ್ತಾರೆ. ದೊಡ್ಡವರ ಜೊತೆ ತೆಗೆಸಿಕೊಂಡ ಫೋಟೊ ತೋರಿಸುತ್ತಾರೆ. ಕೂಡಿಟ್ಟ ನಂಬಿಕೆ ಯಾವುದು, ಬಾಡಿಗೆಯದು ಯಾವುದು ಎಂದು ಗುರುತಿಸಲು ಒಂದೇ ದಾರಿ: ಆ ಮನುಷ್ಯ ನಿನ್ನೆ ಏನು ಮಾಡಿದ ಎಂದು ನೋಡುವುದು.

ಹೆಸರು ದೂರ ಹಬ್ಬಿತು. ದೀನಬಂಧು ಕಬೀರ ನಾಟಕವನ್ನು ಗಾಂಧೀಜಿಯವರು ನೋಡಿದರು. 1920ರ ದಶಕದ ಕೊನೆಯಲ್ಲಿ ರಾಘವರು ಇಂಗ್ಲೆಂಡಿಗೆ ಹೋಗಿ ಅಲ್ಲಿಯ ರಂಗಭೂಮಿಯನ್ನು ಕಂಡು ಬಂದರು. ಸರ್ಕಾರ ರಾವ್ ಬಹದ್ದೂರ್ ಬಿರುದು ಕೊಟ್ಟಿತು. 1936ರಲ್ಲಿ ದ್ರೌಪದಿ ಮಾನಸಂರಕ್ಷಣಂ ಚಿತ್ರದಲ್ಲಿ ದುರ್ಯೋಧನನಾದರು. 1939ರಲ್ಲಿ ಗೂಡವಲ್ಲಿ ರಾಮಬ್ರಹ್ಮಂ ನಿರ್ದೇಶಿಸಿದ ರೈತು ಬಿಡ್ಡ, ಅಂದರೆ ರೈತನ ಮಗ, ಎಂಬ ತೆಲುಗು ಚಿತ್ರದಲ್ಲಿ ನರಸಿರೆಡ್ಡಿ ಎಂಬ ಸಣ್ಣ ಹಿಡುವಳಿದಾರನ ಪಾತ್ರ ಮಾಡಿದರು.

ಈ ಚಿತ್ರದ ಕಥೆಯನ್ನು ನಾವು ಕೇಳಲೇಬೇಕು. ನರಸಿರೆಡ್ಡಿ ಸಾಲ ಮಾಡಿದ್ದಾನೆ. ಚುನಾವಣೆ ಬರುತ್ತದೆ. ಸಾಲ ಕೊಟ್ಟವನು ಜಮೀನ್ದಾರನ ಕಡೆಯವನು, ರೈತನ ಮನಸ್ಸು ರೈತರ ಕಡೆ. ಅವನು ತನ್ನ ಮನಸ್ಸಿನಂತೆ ನಡೆದುಕೊಂಡಾಗ ಮನೆಮಂದಿಯೆಲ್ಲ ಹಿಂಸೆ ಅನುಭವಿಸಬೇಕಾಗುತ್ತದೆ. ಜಮೀನ್ದಾರರು ಈ ಚಿತ್ರವನ್ನು ವಿರೋಧಿಸಿದರು, ಕೆಲವೆಡೆ ಪ್ರದರ್ಶನಕ್ಕೆ ತಡೆಯೂ ಬಂತು. ಮಾತಿನಿಂದ ಒಪ್ಪಿಸುವುದು ಬೇರೆ, ಸಾಲ ತೋರಿಸಿ ಒಪ್ಪಿಸುವುದು ಬೇರೆ. ಮೊದಲನೆಯದರಲ್ಲಿ ನಮಗೆ ಇಲ್ಲ ಎನ್ನುವ ಸ್ವಾತಂತ್ರ್ಯವಿದೆ. ಎರಡನೆಯದರಲ್ಲಿ ಮಾತು ಸಿಹಿಯಾಗಿದ್ದರೂ ಹಿಂದೆ ಹಗ್ಗವಿರುತ್ತದೆ. ಎದುರಿಗಿರುವುದು ಯಾವುದೆಂದು ತಿಳಿಯಬೇಕಾದರೆ, ನಾನು ಇಲ್ಲ ಎಂದರೆ ಏನಾಗುತ್ತದೆ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಸಾಕು.

ಇನ್ನು ಅವರ ಕೋರ್ಟಿನ ಬದುಕಿನಿಂದ ನಾವು ಮನೆಗೆ ಒಯ್ಯಬೇಕಾದದ್ದು ಪಾಟೀಸವಾಲು. ಸಾಕ್ಷಿ ಎಷ್ಟು ಚೆನ್ನಾಗಿ ಹೇಳಿದರೂ ಕೋರ್ಟು ಹಾಗೆಯೇ ನಂಬುವುದಿಲ್ಲ. ಎದುರು ಪಕ್ಷದ ವಕೀಲ ಎದ್ದು ಸವಾಲು ಹಾಕುತ್ತಾನೆ. ರಾಘವರ ಕಾಲಕ್ಕೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಕಾಯ್ದೆಯಲ್ಲಿ ಕಂಡವನೇ ಬಂದು ಹೇಳಬೇಕೆಂಬ ನಿಯಮವಿತ್ತು. ಯಾರೋ ಹೇಳಿದ್ದನ್ನು ಕೇಳಿದೆ ಎಂಬುದು ಸಾಮಾನ್ಯವಾಗಿ ನಡೆಯುತ್ತಿರಲಿಲ್ಲ. ಸರ್ಕಾರಿ ವಕೀಲನ ಕರ್ತವ್ಯವೂ ಹೇಗಾದರೂ ಶಿಕ್ಷೆ ಕೊಡಿಸುವುದಲ್ಲ, ನಿಜವನ್ನು ನ್ಯಾಯಾಧೀಶರ ಮುಂದಿಡುವುದು. ರಂಗದ ಮೇಲೆ ಸಾವಿರ ಜನರನ್ನು ಅಳಿಸಬಲ್ಲವರೊಬ್ಬರು ಆರೋಪಿಯ ಎದುರು ನಿಂತಾಗ ಈ ಕರ್ತವ್ಯ ಎಷ್ಟು ಭಾರವಾಗಿರುತ್ತದೆ ಎಂದು ಯೋಚಿಸಿ. ಸುಳ್ಳಿಗೆ ಆ ಕಲೆ ಬಿದ್ದರೆ ನಿರಪರಾಧಿ ಜೈಲು ಸೇರುತ್ತಾನೆ. ಆದ್ದರಿಂದಲೇ ಕೋರ್ಟಿನಲ್ಲಿ ಪಾಟೀಸವಾಲು ಇದೆ. ನಾಟಕಕ್ಕೆ ಅದು ಬೇಡ, ಏಕೆಂದರೆ ಟಿಕೆಟ್ ಕೊಂಡು ಒಳಗೆ ಹೋದವನಿಗೆ ಅದು ನಾಟಕವೆಂದು ಗೊತ್ತು. ಕಷ್ಟ ಬರುವುದು ನಾಟಕವೆಂದು ಹೇಳದೆ ನಾಟಕ ಆಡಿದಾಗ.

ಸಭೆಯಲ್ಲಿ, ಸಂತೆಯಲ್ಲಿ, ಈಗ ಅಂಗೈಯಲ್ಲಿರುವ ಮೊಬೈಲಿನಲ್ಲಿ ಯಾರೇ ಮಾತನಾಡಿದರೂ ನಾವು ಮನಸ್ಸಿನಲ್ಲೇ ಒಂದು ಪಾಟೀಸವಾಲು ನಡೆಸಬಹುದು. ಇದನ್ನು ನೀನು ಕಂಡೆಯೋ, ಕೇಳಿದೆಯೋ? ನಾನು ನಂಬಿದರೆ ನಿನಗೇನು ಲಾಭ? ಈ ಅಂಕಿ ಎಲ್ಲಿಂದ ಬಂತು? ಇರುವುದು ಎರಡೇ ದಾರಿ ಎನ್ನುತ್ತೀಯಲ್ಲ, ಮೂರನೆಯದು ಯಾಕಿಲ್ಲ? ಇವತ್ತೇ ಕೊನೆಯ ದಿನ ಎಂದು ಅವಸರ ಯಾಕೆ? ಎಲ್ಲರೂ ಸೇರಿದ್ದಾರೆ ಎನ್ನುತ್ತೀಯ, ಆ ಎಲ್ಲರಲ್ಲಿ ಒಬ್ಬರ ಹೆಸರು ಹೇಳು ನೋಡೋಣ? ಎದುರಿನವನ ಮಾತಿಗೆ ಉತ್ತರ ಕೊಡದೆ ಅವನ ಜಾತಿ, ಮನೆತನ ಯಾಕೆ ಎತ್ತುತ್ತೀಯ? ಒಂದೇ ಮಾತನ್ನು ಹತ್ತು ಸಲ ಹೇಳಿದೆ, ಹತ್ತನೆಯ ಸಲಕ್ಕೆ ಹೊಸ ಆಧಾರವೇನಾದರೂ ಬಂತೇ? ಒಳ್ಳೆಯ ಮಾತು ಈ ಪ್ರಶ್ನೆಗಳಿಗೆ ಹೆದರುವುದಿಲ್ಲ. ಚಿನ್ನಕ್ಕೆ ಒರೆಗಲ್ಲಿನ ಭಯವಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲರ ಮಾತಿನಲ್ಲೂ ಮೋಸ ಹುಡುಕುವವನು ಯಾರ ಒಳ್ಳೆಯ ಮಾತನ್ನೂ ಕೇಳಲಾರ. ರಾಘವರ ಹರಿಶ್ಚಂದ್ರನನ್ನು ಕಂಡು ಅತ್ತವರು ಮೋಸಹೋದವರಲ್ಲ. ಇನ್ನೊಬ್ಬರ ದುಃಖ ತಮ್ಮದಾಗುವ ಶಕ್ತಿ ಅವರಲ್ಲಿತ್ತು. ಆ ಶಕ್ತಿ ಬತ್ತಬಾರದು. ಈ ಪ್ರಶ್ನೆಗಳನ್ನು ಮೊದಲು ನಮ್ಮ ಪಕ್ಷದವರ ಮೇಲೆ, ನಮಗೆ ಹಿತವಾದ ಮಾತಿನ ಮೇಲೆ ಪ್ರಯೋಗಿಸಬೇಕು. ಆಗದವರ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭ.

ರಾಘವರು 1946ರ ಏಪ್ರಿಲ್ 16ರಂದು ತೀರಿಕೊಂಡರು. ಸ್ವತಂತ್ರ ಭಾರತವನ್ನು ಕಾಣಲಿಲ್ಲ, ಬಳ್ಳಾರಿ ಕನ್ನಡ ನಾಡಿಗೆ ಸೇರಿದ್ದನ್ನೂ ಕಾಣಲಿಲ್ಲ. ತೆಲುಗರು ಅವರನ್ನು ತಮ್ಮವರೆನ್ನುತ್ತಾರೆ, ನಾವು ನಮ್ಮವರೆನ್ನುತ್ತೇವೆ. ಇಬ್ಬರ ಮಾತೂ ನಿಜ. ಅವರ ದನಿಯನ್ನು ಎದುರಿಗೆ ಕೂತು ಕೇಳಿದವರು ಇಂದು ನಮ್ಮ ನಡುವೆ ಸಿಗುವುದು ಕಷ್ಟ. ಆದರೆ ಕಲಾಮಂದಿರದ ಗೋಡೆಯ ಮೇಲೆ ಹೆಸರು ಉಳಿದಿದೆ.

ಪ್ರಿಯ ವಿದ್ಯಾರ್ಥಿಗಳೇ, ಐವತ್ತು ವರ್ಷಗಳಲ್ಲಿ ನಮ್ಮ ಶಾಲೆ ಎಷ್ಟೋ ಮನೆಗಳಿಗೆ ಮೊದಲ ಅಕ್ಷರಸ್ಥರನ್ನು ಕೊಟ್ಟಿದೆ. ಹೆಬ್ಬೆಟ್ಟಿನ ಜಾಗದಲ್ಲಿ ರುಜು ಬಂದಿದೆ. ಆದರೆ ಓದಲು ಬಂದವರೂ ಮಾತಿಗೆ ಮರುಳಾಗಿ ರುಜು ಹಾಕುವುದನ್ನು ನಾವು ದಿನವೂ ಕಾಣುತ್ತೇವೆ. ಅಕ್ಷರ ಓದುವುದನ್ನು ಶಾಲೆ ಕಲಿಸಿತು, ಮಾತನ್ನು ಓದುವುದನ್ನು ನಾವು ಕಲಿಯುತ್ತಲೇ ಇರಬೇಕು. ಮುಂದಿನ ಸಲ ಬಳ್ಳಾರಿಗೆ ಹೋದಾಗ, ಕೆಲಸ ಮುಗಿದು ಗಾಡಿಗೆ ಇನ್ನೂ ಹೊತ್ತಿದ್ದರೆ, ರಾಘವ ಕಲಾಮಂದಿರದ ಕಡೆ ಒಮ್ಮೆ ಹೋಗಿ ಬನ್ನಿ. ನಾಟಕವಿದ್ದರೆ ಕೂತು ನೋಡಿ, ಅಳು ಬಂದರೆ ಅತ್ತುಬಿಡಿ. ಹೊರಗೆ ಬಂದ ಮೇಲೆ ಸವಾಲು ಹಾಕುವುದನ್ನು ಮಾತ್ರ ಮರೆಯಬೇಡಿ.